ಕೂರುವವರು ಮೊದಲು, ಗಾಡಿ ಆಮೇಲೆ



ಹತ್ತಿ ಬಿಡಿಸುವ ಕಾಲದಲ್ಲಿ ದೇವದುರ್ಗ, ಮಾನ್ವಿ ಸೀಮೆಯ ಯಾವ ಊರಿನಲ್ಲಿ ನಸುಕಿಗೆ ಎದ್ದು ರಸ್ತೆಗೆ ಬಂದರೂ ಕಾಣುವ ನೋಟ ಒಂದೇ. ಬುತ್ತಿ ಗಂಟು ಹಿಡಿದ ಹೆಣ್ಣುಮಕ್ಕಳು ನಿಂತಿರುತ್ತಾರೆ. ಟಂಟಂ ಅಥವಾ ಸಣ್ಣ ಸರಕು ಗಾಡಿಯೊಂದು ಬಂದು ನಿಲ್ಲುತ್ತದೆ. ಹಿಂದೆ ಅಡ್ಡ ಹಾಕಿದ ಹಲಗೆ, ಅದರ ಎದುರು ಇನ್ನೊಂದು ಹಲಗೆ. ಅವೆರಡೂ ತುಂಬಿದ ಮೇಲೆ ನಡುವಿನ ಜಾಗದಲ್ಲಿ ಚೀಲ ಹಾಸಿ ಕೂರುವವರು. "ಸ್ವಲ್ಪ ಸರೀರಿ ಯಕ್ಕಾ, ಇನ್ನಿಬ್ರು ಕುಂದ್ರಬೇಕು" ಎಂದು ಚಾಲಕ ಹೇಳುತ್ತಾನೆ. ಅವರು ಸರಿಯುತ್ತಾರೆ. ಗಾಡಿ ಹೊರಡುತ್ತದೆ.

ಆ ಹಲಗೆಯನ್ನು ಅಲ್ಲಿ ಕೂರಿಸಿದವರು ಯಾರು? ಯಾವ ಅಳತೆಗೆ ಕೂರಿಸಿದರು? ಯಾವುದಕ್ಕೆ ಬಿಗಿದರು? ಸ್ವಂತ ಕೈಯಿಂದ ಕಾರು ಕಟ್ಟುವವನು ಮೊದಲ ದಿನವೇ ಕೇಳಿಕೊಳ್ಳಬೇಕಾದ ಪ್ರಶ್ನೆಗಳೂ ಇವೇ. ಗಾಡಿ ಕಟ್ಟುವುದೆಂದರೆ ಎಂಜಿನ್ ಕೂರಿಸುವುದು, ಗಾಲಿ ಜೋಡಿಸುವುದು, ಕೊನೆಯಲ್ಲಿ ಆಸನ ಹಾಕಿ ಮುಗಿಸುವುದು ಎಂಬ ಭಾವನೆ ಸಾಮಾನ್ಯವಾಗಿದೆ. ಆಸನವನ್ನು ಮನೆಯ ಕುರ್ಚಿಯಂತೆ ಕಾಣುವುದರಿಂದ ಬಂದ ಭಾವನೆ ಇದು. ವಾಸ್ತವದಲ್ಲಿ ಆಸನವೂ ಯಂತ್ರದ ಒಂದು ಭಾಗ. ಯಾರು, ಎಲ್ಲಿ, ಎಷ್ಟು ಎತ್ತರದಲ್ಲಿ ಕೂರುತ್ತಾರೆ ಎಂಬುದು ತೀರ್ಮಾನವಾಗದೆ ಉಳಿದ ಯಾವ ಭಾಗದ ಜಾಗವೂ ತೀರ್ಮಾನವಾಗುವುದಿಲ್ಲ.

ಎತ್ತಿನ ಹೆಗಲು ಕಲಿಸಿದ ಪಾಠ

ಈ ವಿಷಯ ಹಳ್ಳಿಯ ಬಡಿಗರಿಗೆ ಹೊಸತೇನಲ್ಲ. ಎರಡು ಗಾಲಿಯ ಎತ್ತಿನ ಬಂಡಿಯನ್ನೇ ನೋಡಿ. ಅದರ ಇಡೀ ಭಾರ ನಿಂತಿರುವುದು ಒಂದೇ ಅಚ್ಚಿನ ಮೇಲೆ. ಭಾರ ಮುಂದಕ್ಕೆ ಬಿದ್ದರೆ ನೊಗ ಎತ್ತಿನ ಹೆಗಲನ್ನು ಅದುಮುತ್ತದೆ. ಹಿಂದಕ್ಕೆ ಬಿದ್ದರೆ ನೊಗ ಮೇಲೆದ್ದು ಕೊರಳಿಗೆ ಕಟ್ಟಿದ ಹುರಿ ಬಿಗಿಯುತ್ತದೆ. ಆದ್ದರಿಂದಲೇ ಚೀಲ ಹೇರುವಾಗ ಹಿರಿಯರು ನೊಗವನ್ನು ಕೈಯಿಂದ ಎತ್ತಿ ನೋಡಿ ತೂಕ ಸರಿಯಾಯಿತೇ ಎಂದು ತಿಳಿಯುತ್ತಿದ್ದರು. ಏರು ಬಂದಾಗ ಬಂಡಿ ಹೊಡೆಯುವವನು ಮುಂದಕ್ಕೆ ಸರಿದು ಕೂರುತ್ತಿದ್ದ. ಇಳಿಜಾರಿನಲ್ಲಿ ಹಿಂದಕ್ಕೆ ಸರಿಯುತ್ತಿದ್ದ. ಅವನ ಮೈತೂಕವೇ ಬಂಡಿಯ ಸಮತೋಲವನ್ನು ಕಾಯುತ್ತಿತ್ತು.

ಮೋಟಾರು ಬಂದ ಮೇಲೆ ಎತ್ತಿನ ಹೆಗಲು ಹೋಯಿತು, ನಿಯಮ ಉಳಿಯಿತು. ಸುಮಾರು 650 ಕಿಲೋ ತೂಗುವ ಸಣ್ಣ ಕಾರಿನಲ್ಲಿ 65 ಕಿಲೋದ ನಾಲ್ವರು ಕೂತರೆ ಜನರ ತೂಕವೇ 260 ಕಿಲೋ. ಅಂದರೆ ಕಾರಿನ ತೂಕದ ಐದರಲ್ಲಿ ಎರಡು ಪಾಲು. ಎಂಜಿನ್ ಒಮ್ಮೆ ಬಿಗಿದರೆ ಬಿಗಿದಲ್ಲೇ ಇರುತ್ತದೆ. ಜನ ಹತ್ತುತ್ತಾರೆ, ಇಳಿಯುತ್ತಾರೆ, ಓಲಾಡುತ್ತಾರೆ. ಹಿಂದಿನ ಗಾಲಿಗಳ ಆಚೆ ಇಬ್ಬರನ್ನು ಹೆಚ್ಚಾಗಿ ಕೂರಿಸಿದರೆ ಮುಂದಿನ ಗಾಲಿಗಳ ಮೇಲಿನ ಭಾರ ಕಡಿಮೆಯಾಗುತ್ತದೆ. ಆಗ ಸ್ಟೇರಿಂಗ್ ತಿರುಗಿಸಿದರೂ ಗಾಡಿ ಮಾತು ಕೇಳುವುದಿಲ್ಲ. ಮುಂದೆ ಒಂದೇ ಗಾಲಿಯಿರುವ ಟಂಟಂಗಳಲ್ಲಿ ಇದರ ಅಪಾಯ ಇನ್ನೂ ಹೆಚ್ಚು. ಎತ್ತು ಕೊರಳು ಬಿಗಿದಾಗ ನಿಂತುಬಿಡುತ್ತಿತ್ತು, ಎಂಜಿನ್ನಿಗೆ ಆ ಸೂಕ್ಷ್ಮವಿಲ್ಲ.

ನಿಜಾಮರ ಸಿಂಹಾಸನ ಕಾರು

ಕಾರನ್ನು ಹೇಳಿ ಮಾಡಿಸುವುದು ಇಂದು ಶ್ರೀಮಂತರ ಹವ್ಯಾಸದಂತೆ ಕಾಣುತ್ತದೆ. ಮೋಟಾರು ಯುಗದ ಆರಂಭದಲ್ಲಿ ದೊಡ್ಡ ಕಾರುಗಳು ಬರುತ್ತಿದ್ದುದೇ ಹಾಗೆ. ರೋಲ್ಸ್ ರಾಯ್ಸ್‌ನಂಥ ಕಂಪನಿ ಕೊಡುತ್ತಿದ್ದುದು ಚಾಸಿ, ಎಂಜಿನ್ ಮತ್ತು ಗಾಲಿ ಮಾತ್ರ. ಮೇಲಿನ ಒಡಲನ್ನು, ಆಸನಗಳನ್ನು ಕೊಳ್ಳುವವನು ಬೇರೆ ಕಾರ್ಖಾನೆಯಲ್ಲಿ ಕಟ್ಟಿಸಿಕೊಳ್ಳಬೇಕಿತ್ತು. ಹಿಂದೆ ಕುದುರೆ ಸಾರೋಟು ಕಟ್ಟುತ್ತಿದ್ದವರೇ ಈ ಕೆಲಸಕ್ಕೆ ಇಳಿದರು. ಮದರಾಸಿನ ಸಿಂಪ್ಸನ್ ಕಂಪನಿ ಸಾರೋಟಿನಿಂದಲೇ ಮೋಟಾರಿಗೆ ಬಂದದ್ದು.

ಹೀಗೆ ಕಟ್ಟಿಸಿದ ಕಾರುಗಳ ಪೈಕಿ ಬಹು ಪ್ರಸಿದ್ಧವಾದ ಒಂದು ಈ ಸೀಮೆಯ ಚರಿತ್ರೆಗೆ ಸೇರಿದ್ದು. ರಾಯಚೂರು ಆಗ ಹೈದರಾಬಾದ್ ಸಂಸ್ಥಾನದಲ್ಲಿತ್ತು. ಆರನೆಯ ನಿಜಾಮ ಮೀರ್ ಮಹಬೂಬ್ ಅಲಿ ಖಾನ್ 1911ರಲ್ಲಿ ರೋಲ್ಸ್ ರಾಯ್ಸ್ ಸಿಲ್ವರ್ ಗೋಸ್ಟ್ ಒಂದನ್ನು ಕಟ್ಟಿಸಲು ಹೇಳಿದರು. ಲಂಡನ್ನಿನ ಬಾರ್ಕರ್ ಕಂಪನಿ ಅದರ ಒಡಲನ್ನು ಮಾಡಿತು. ಹಳದಿ ಬಣ್ಣದ ಆ ಕಾರಿನ ವಿಶೇಷವಿದ್ದದ್ದು ಹಿಂದಿನ ಆಸನದಲ್ಲಿ. ಉಳಿದ ಆಸನಗಳಿಗಿಂತ ಎತ್ತರದಲ್ಲಿ ಅದನ್ನು ಸಿಂಹಾಸನದಂತೆ ಏರಿಸಿದ್ದರು. ಹಾದಿಯಲ್ಲಿ ನಿಂತ ಪ್ರಜೆಗಳಿಗೆ ದೊರೆ ಕಾಣಬೇಕು, ಕಾರಿನಲ್ಲಿದ್ದವರು ಯಾರೂ ಅವರಿಗೆ ಸಮನಾಗಿ ಕೂರಬಾರದು ಎಂಬ ದರ್ಬಾರಿನ ರೀತಿಯನ್ನು ಬಡಗಿ ಮರ, ಕಬ್ಬಿಣದಲ್ಲಿ ಇಳಿಸಿದ್ದ. ಕಾರು ತಲಪುವ ಮೊದಲೇ, 1911ರ ಆಗಸ್ಟಿನಲ್ಲಿ, ಮಹಬೂಬ್ ಅಲಿ ಖಾನ್ ತೀರಿಕೊಂಡರು. ಮಗ ಮೀರ್ ಉಸ್ಮಾನ್ ಅಲಿ ಖಾನರ ಕಾಲದಲ್ಲಿ ಅದು ಮೆರವಣಿಗೆಯ ಕಾರಾಯಿತು. ಇಂದು ಹೈದರಾಬಾದಿನ ಚೌಮಹಲ್ಲಾ ಅರಮನೆಯಲ್ಲಿದೆ.

ಯಂತ್ರದ ದೃಷ್ಟಿಯಿಂದ ನೋಡಿದರೆ ಎತ್ತರದ ಆಸನ ಒಳ್ಳೆಯದಲ್ಲ. ಭಾರ ಮೇಲೇರಿದಷ್ಟೂ ತಿರುವಿನಲ್ಲಿ ಗಾಡಿ ಮಗುಚುವ ಭಯ ಹೆಚ್ಚು. ಆದರೆ ಆ ಕಾರು ನಡಿಗೆಯ ವೇಗದಲ್ಲಿ ಸಾಗುವಂಥದು, ಓಡುವುದು ಅಪರೂಪ. ಅದೇ ಸಂಸ್ಥಾನದ ಸೀಮೆಯಲ್ಲಿ ಇಂದು ಸುಗ್ಗಿಯ ದಿನಗಳಲ್ಲಿ ಗಾಡಿಯ ಮಾಳಿಗೆಯ ಮೇಲೆ ಕೂಲಿಯವರು ಕೂತು ಹೋಗುವುದುಂಟು. ಎತ್ತರ ಹೆಚ್ಚುಕಡಿಮೆ ಒಂದೇ, ವೇಗ ಮಾತ್ರ ನಡಿಗೆಯದಲ್ಲ.

ಸಾಮಾನ್ಯ ಜನರಿಗೂ ಮೋಟಾರಿನಲ್ಲಿ ಆಸನ ಸಿಕ್ಕಿದ್ದು ಬಸ್ಸಿನಿಂದ. ನಿಜಾಮರ ಸರ್ಕಾರ 1932ರಲ್ಲಿ ತನ್ನ ರೈಲ್ವೆಯ ಅಂಗವಾಗಿ ರಸ್ತೆ ಸಾರಿಗೆ ಇಲಾಖೆಯನ್ನು 27 ಬಸ್ಸುಗಳಿಂದ ಆರಂಭಿಸಿತು. 1956ರಲ್ಲಿ ರಾಯಚೂರು ಮೈಸೂರು ರಾಜ್ಯಕ್ಕೆ ಸೇರಿತು. 2000ದಲ್ಲಿ ಈ ಭಾಗಕ್ಕೆ ಪ್ರತ್ಯೇಕ ಸಾರಿಗೆ ನಿಗಮ ಬಂತು. 2021ರಲ್ಲಿ ಅದಕ್ಕೆ ಕಲ್ಯಾಣ ಕರ್ನಾಟಕದ ಹೆಸರಾಯಿತು. ಚಾಸಿಯನ್ನು ಕಂಪನಿಯಿಂದ ಕೊಂಡು, ಒಡಲನ್ನು ನಿಗಮದ ಕಾರ್ಯಾಗಾರದಲ್ಲೇ ಕಟ್ಟುವ ಪದ್ಧತಿ ನಮ್ಮ ರಾಜ್ಯದಲ್ಲಿ ದೀರ್ಘಕಾಲದ್ದು. ಸಾವಿರಾರು ಬಸ್ಸುಗಳ ಆಸನಗಳನ್ನು ಕನ್ನಡದ ಕೈಗಳೇ ಬೆಸೆದು ಬಿಗಿದಿವೆ. ಇದು ರಾಜನಿಗಾಗಿ ಅಲ್ಲದೆ ಊರಿಗಾಗಿ ಹೇಳಿ ಮಾಡಿಸಿದ ಗಾಡಿ.

ನಾಲ್ಕು ಬೋಲ್ಟು, ಹನ್ನೆರಡು ಕ್ವಿಂಟಲ್

ಹಾಗಾದರೆ ಹೊಸದಾಗಿ ಒಂದು ಕಾರನ್ನು ಕಟ್ಟುವವನು ಎಲ್ಲಿಂದ ಶುರು ಮಾಡಬೇಕು? ಬಲ್ಲವರ ಕ್ರಮ ಹೀಗಿದೆ. ಚಾಸಿಯ ಕಬ್ಬಿಣವನ್ನು ಪೂರ್ತಿ ಬೆಸೆಯುವ ಮೊದಲು ಆಸನವನ್ನು ಮರದ ತುಂಡುಗಳ ಮೇಲೆ ಇಟ್ಟು ಚಾಲಕನನ್ನೇ ಕೂರಿಸುವುದು. ಅವನ ಸೊಂಟದ ಕೀಲು ಎಲ್ಲಿ ಬರುತ್ತದೆಂದು ಗುರುತು ಹಾಕುವುದು. ಕಾರು ವಿನ್ಯಾಸಕಾರರಿಗೆ ಈ ಬಿಂದುವೇ ಮೂಲ. ಕ್ಲಚ್ಚನ್ನು ಪೂರ್ತಿ ಒತ್ತಿದಾಗಲೂ ಮೊಣಕಾಲು ತುಸು ಮಡಿಚಿರಬೇಕು. ಸ್ಟೇರಿಂಗ್ ಹಿಡಿದಾಗ ಮೊಣಕೈ ನೆಟ್ಟಗಾಗಬಾರದು. ಈ ಎರಡು ಅಳತೆಗಳಿಂದ ಪೆಡಲಿನ ಜಾಗ, ಸ್ಟೇರಿಂಗಿನ ಜಾಗ ಗೊತ್ತಾಗುತ್ತವೆ.

ಆಮೇಲೆ ಎಂಜಿನ್ನಿನ ಸರದಿ. ಎಂಜಿನ್ ಮುಂದಿದ್ದು ಹಿಂದಿನ ಗಾಲಿಗಳನ್ನು ಓಡಿಸಬೇಕಾದರೆ, ಗೇರು ಪೆಟ್ಟಿಗೆಯೂ ಶಾಫ್ಟೂ ಎರಡು ಆಸನಗಳ ನಡುವೆ ಹಾದುಹೋಗಬೇಕು. ಸ್ಟೇರಿಂಗ್ ಕಂಬ ಎಂಜಿನ್ನಿನ ಪಕ್ಕದಿಂದ ಇಳಿಯಬೇಕು. ನೇರ ದಾರಿ ಸಿಗದಿದ್ದರೆ ನಡುವೆ ಕ್ರಾಸ್ ಹಾಕಿ ಬಾಗಿಸಬೇಕು. ಸೈಲೆನ್ಸರಿನ ಕಾವು ತಾಗದಂತೆ ಬ್ರೇಕಿನ ಕೊಳವೆ ಸಾಗಬೇಕು. ಎಂಜಿನ್ನಿನ ನಡುಕ ಒಡಲಿಗೆ ಹರಡದಂತೆ ರಬ್ಬರಿನ ಒತ್ತುಗಳ ಮೇಲೆ ಅದನ್ನು ಕೂರಿಸಬೇಕು. ಪೆಟ್ರೋಲ್ ಟ್ಯಾಂಕಿಗೂ ಜನರಿಗೂ ನಡುವೆ ಗಟ್ಟಿ ಗೋಡೆ ಬೇಕು. ಇವೆಲ್ಲವನ್ನೂ ಮೊದಲು ಚುಕ್ಕಿ ಬೆಸುಗೆಯಲ್ಲಿ ತಾತ್ಕಾಲಿಕವಾಗಿ ನಿಲ್ಲಿಸಿ, ಚಾಲಕನನ್ನು ಮತ್ತೊಮ್ಮೆ ಕೂರಿಸಿ ನೋಡಿ, ಆಮೇಲೆ ಪೂರ್ತಿ ಬೆಸೆಯುವುದು ಜಾಣತನ. ಎಂಜಿನ್ ಮೊದಲು ಬಿಗಿದವರು ಕೊನೆಗೆ ಆಸನವನ್ನು ಸಿಕ್ಕ ಸಂದಿಯಲ್ಲಿ ತುರುಕುತ್ತಾರೆ. ಅಂಥ ಗಾಡಿಯಲ್ಲಿ ಚಾಲಕ ಸೊಂಟ ತಿರುಚಿಕೊಂಡೇ ಕೂರಬೇಕಾಗುತ್ತದೆ.

ಯಾರ ಅಳತೆ ಎಂಬ ಪ್ರಶ್ನೆಯೂ ಇದೆ. ಪರದೇಶದ ಕಾರಿನಿಂದ ಕಿತ್ತ ಆಸನ ಅಲ್ಲಿಯವರ ಕಾಲಿನ ಉದ್ದಕ್ಕೆ ಮಾಡಿದ್ದು. ಭಾರತೀಯರ ದೇಹದ ಅಳತೆಗಳನ್ನು ಸಂಗ್ರಹಿಸಿದ ಒಂದು ಮುಖ್ಯ ಗ್ರಂಥವನ್ನು ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆ 1997ರಲ್ಲಷ್ಟೇ ಹೊರತಂದಿತು. ಕೈಯಿಂದ ಕಟ್ಟುವವನಿಗೆ ಒಂದು ಅನುಕೂಲವಿದೆ. ಕೂರುವವನು ಎದುರಿಗೇ ಇರುತ್ತಾನೆ, ಅವನನ್ನೇ ಅಳೆಯಬಹುದು. ಕಾಲಿನ ಬಲವಿಲ್ಲದವರಿಗಾಗಿ ಬ್ರೇಕು, ಕ್ಲಚ್ಚುಗಳನ್ನು ಕೈಗೆ ತಂದು ಜೋಡಿಸುವ ಮೆಕ್ಯಾನಿಕರು ಮಾಡುವುದೂ ಇದನ್ನೇ. ಒಬ್ಬ ಮನುಷ್ಯನ ದೇಹಕ್ಕೆ ಒಂದು ಯಂತ್ರವನ್ನು ಹೊಂದಿಸುತ್ತಾರೆ.

ಇನ್ನು ಬಿಗಿಯುವ ಮಾತು. ಗಂಟೆಗೆ 50 ಕಿಲೋಮೀಟರ್ ವೇಗದಲ್ಲಿ ಹೋಗುತ್ತಿರುವ ಗಾಡಿ ಏನಕ್ಕೋ ಡಿಕ್ಕಿಯಾಗಿ, ಅದರಲ್ಲಿದ್ದವನು ಅರ್ಧ ಮೀಟರ್ ದೂರದೊಳಗೆ ನಿಂತುಹೋದ ಎಂದುಕೊಳ್ಳಿ. ಲೆಕ್ಕ ಹಾಕಿದರೆ ಆ ಕ್ಷಣದಲ್ಲಿ ಅವನ ಮೈಮೇಲೆ ಬೀಳುವ ಬಲ ಅವನ ತೂಕದ ಸುಮಾರು 20 ಪಟ್ಟು. 60 ಕಿಲೋದ ಹೆಣ್ಣುಮಗಳು ಒಂದು ಗಳಿಗೆ 1200 ಕಿಲೋ ಆಗುತ್ತಾಳೆ. ಅಂದರೆ 12 ಕ್ವಿಂಟಲ್ ಹತ್ತಿ. ಆ ಹನ್ನೆರಡು ಕ್ವಿಂಟಲನ್ನು ತಡೆಯಬೇಕಾದದ್ದು ಬೆಲ್ಟು ಮತ್ತು ಅದರ ಬೋಲ್ಟುಗಳು. ಬೆಲ್ಟನ್ನು ಆಸನಕ್ಕೇ ಕಟ್ಟಿದ್ದರೆ ಆಸನವನ್ನು ನೆಲಕ್ಕೆ ಹಿಡಿದ ನಾಲ್ಕು ಬೋಲ್ಟುಗಳು. ನಾಲ್ಕೂ ಸಮನಾಗಿ ಭಾರ ಹೊರುತ್ತವೆ ಎಂದು ತಿಳಿಯಬಾರದು. ಮೈಯ ಭಾರ ನೆಲಕ್ಕಿಂತ ಎತ್ತರದಲ್ಲಿರುವುದರಿಂದ ಆಸನ ಮುಂದಕ್ಕೆ ಮಗುಚಲು ನೋಡುತ್ತದೆ. ಆಗ ಹಿಂದಿನ ಎರಡು ಬೋಲ್ಟುಗಳೇ ಮೇಲಕ್ಕೆ ಜಗ್ಗುತ್ತವೆ.

ಕಾರಿನ ನೆಲದ ತಗಡು ತೀರ ತೆಳುವಾದದ್ದು. ಅದಕ್ಕೆ ಬರೀ ತೂತು ಕೊರೆದು ಬೋಲ್ಟು ಹಾಕಿದರೆ ಬೋಲ್ಟು ಮುರಿಯುವುದಿಲ್ಲ, ತಗಡೇ ಹರಿದು ಬೋಲ್ಟು ಕಿತ್ತು ಬರುತ್ತದೆ. ಆದ್ದರಿಂದ ಕೆಳಗಿನಿಂದ ದಪ್ಪ ಪಟ್ಟಿ ಕೊಟ್ಟು ಬಲವನ್ನು ಹರಡಬೇಕು. ಚಾಸಿಯ ಅಡ್ಡಪಟ್ಟಿಗೆ ನೇರವಾಗಿ ಬಿಗಿದರೆ ಇನ್ನೂ ಉತ್ತಮ. ಬೆಲ್ಟಿನ ಬೋಲ್ಟು ಸಾಮಾನ್ಯವಾಗಿ ಒಂದು ಇಂಚಿನ ಹದಿನಾರರಲ್ಲಿ ಏಳು ಭಾಗ ದಪ್ಪದ ಗಟ್ಟಿ ಉಕ್ಕಿನದು. ಪೇಟೆಯ ಮೆದು ಕಬ್ಬಿಣದ ಬೋಲ್ಟು ಅದರ ಜಾಗಕ್ಕೆ ಬರದು. ಈಗ ಟಂಟಂನ ಹಲಗೆಯನ್ನು ನೆನೆಯಿರಿ. ಎರಡು ಕಡೆ ಒಂದೊಂದು ಚುಕ್ಕಿ ಬೆಸುಗೆ, ಕೆಲವೊಮ್ಮೆ ತಂತಿಯ ಕಟ್ಟು. ಬೆಲ್ಟು ಇಲ್ಲವೇ ಇಲ್ಲ. ಅದರ ಮೇಲೆ ನಾಲ್ವರು ಅಡ್ಡಡ್ಡ ಕೂತಿರುತ್ತಾರೆ.

ಬೆಂಗಳೂರಿನ ಪ್ರಯತ್ನಗಳು

ಆಸನದ ಜಾಗ ಒಂದು ಕಾರಿನ ಹಣೆಬರಹವನ್ನೇ ಹೇಗೆ ಬರೆಯುತ್ತದೆ ಎಂಬುದಕ್ಕೆ ಕರ್ನಾಟಕದಲ್ಲೇ ನಿದರ್ಶನಗಳಿವೆ. ಬೆಂಗಳೂರಿನ ಸನ್‌ರೈಸ್ ಕಂಪನಿ, ಮುಂದೆ ಸಿಪಾನಿ ಎಂದು ಹೆಸರಾದದ್ದು, 1970ರ ದಶಕದಲ್ಲಿ ಬಾದಲ್ ಎಂಬ ಮೂರು ಗಾಲಿಯ ಪುಟ್ಟ ಕಾರನ್ನು ತಂದಿತು. ಫೈಬರ್ ಒಡಲು, ಹಿಂದೆ 198 ಸಿಸಿ ಎಂಜಿನ್. 1982ರಲ್ಲಿ ಇಂಗ್ಲೆಂಡಿನ ರಿಲಯಂಟ್ ಕಿಟನ್ ಮಾದರಿಯನ್ನು ಆಧರಿಸಿದ ಡಾಲ್ಫಿನ್ ಬಂತು. ಹಗುರವಾದ, ಚುರುಕಾದ ಈ ಕಾರು ಮೋಟಾರು ರ‍್ಯಾಲಿಗಳಲ್ಲಿ ಹೆಸರು ಮಾಡಿತು. ಆದರೆ ಅದಕ್ಕೆ ಎರಡೇ ಬಾಗಿಲು. ಹಿಂದೆ ಕೂರಬೇಕಾದರೆ ಮುಂದಿನ ಆಸನವನ್ನು ಮಡಿಚಿ ನುಸುಳಬೇಕು. ನಮ್ಮ ಮನೆಗಳಲ್ಲಿ ಹಿಂದಿನ ಆಸನ ತಂದೆತಾಯಿಯರದು, ಸೀರೆಯುಟ್ಟ ಹೆಣ್ಣುಮಕ್ಕಳದು. ಅವರು ನುಸುಳಿ ಕೂರುವ ಕಾರು ಕುಟುಂಬಕ್ಕೆ ಒಗ್ಗುವುದು ಕಷ್ಟ. 1983ರ ಡಿಸೆಂಬರಿನಲ್ಲಿ ನಾಲ್ಕು ಬಾಗಿಲಿನ ಮಾರುತಿ 800 ಬಂದಮೇಲಂತೂ ಈ ಕೊರತೆ ಎದ್ದು ಕಂಡಿತು. ಸಿಪಾನಿಯವರು ಮುಂದೆ ಮೊಂಟಾನ ಎಂಬ ಮಾದರಿಯಲ್ಲಿ ಹಿಂದಿನವರಿಗೂ ಬಾಗಿಲು ಕೊಟ್ಟರು. ಅಷ್ಟರಲ್ಲಿ ಪೇಟೆ ಕೈತಪ್ಪಿತ್ತು.

2001ರಲ್ಲಿ ಬೆಂಗಳೂರಿನ ರಸ್ತೆಗಿಳಿದ ರೇವಾ ವಿದ್ಯುತ್ ಕಾರಿನ ಕತೆ ಇನ್ನೂ ಸ್ವಾರಸ್ಯದ್ದು. ವಿದ್ಯುತ್ ಕಾರಿನಲ್ಲಿ ಎಲ್ಲಕ್ಕಿಂತ ಭಾರವಾದದ್ದು ಬ್ಯಾಟರಿ. ಆಗಿನ ಬ್ಯಾಟರಿಗಳು ಸೀಸದವು, ತಲಾ ಆರು ವೋಲ್ಟಿನ ಎಂಟು ಪೆಟ್ಟಿಗೆಗಳು. ಅವನ್ನು ಎಲ್ಲಿಡುವುದು? ಚೇತನ್ ಮೈನಿ ಮತ್ತು ಸಂಗಡಿಗರು ಅವನ್ನು ಮುಂದಿನ ಆಸನಗಳ ಅಡಿಯಲ್ಲಿಟ್ಟರು. ಭಾರ ಕೆಳಗೆ, ಎರಡು ಅಚ್ಚುಗಳ ನಡುವೆ ಬಂತು. ಬಂಡಿಯ ನೊಗ ಎತ್ತಿ ನೋಡಿದ ಹಿರಿಯರು ಮೆಚ್ಚುವ ಜಾಗ ಅದು. ಮುಂದೆ ಇಬ್ಬರು ದೊಡ್ಡವರು, ಹಿಂದೆ ಇಬ್ಬರು ಮಕ್ಕಳು ಎಂದು ಮೊದಲೇ ತೀರ್ಮಾನಿಸಿ ಅದರ ಸುತ್ತ ಕಾರು ಕಟ್ಟಿದರು. 2004ರಿಂದ ಲಂಡನ್ನಿನಲ್ಲೂ ಅದು ಓಡಿತು. 2007ರಲ್ಲಿ ಬ್ರಿಟನ್ನಿನಲ್ಲಿ ನಡೆದ ಡಿಕ್ಕಿ ಪರೀಕ್ಷೆಗಳಲ್ಲಿ ಕೂತವರಿಗೆ ಸಾಕಷ್ಟು ರಕ್ಷಣೆಯಿಲ್ಲವೆಂಬ ಟೀಕೆ ಬಂದಾಗ ಚೌಕಟ್ಟನ್ನು ಬಲಪಡಿಸಬೇಕಾಯಿತು. ಸಮತೋಲ ಸರಿಯಿದ್ದ ಮಾತ್ರಕ್ಕೆ ರಕ್ಷಣೆ ಬರುವುದಿಲ್ಲ ಎಂಬ ಪಾಠವೂ ಅದರಲ್ಲಿದೆ.

ವಿದ್ಯಾರ್ಥಿಗಳಿಗೆ ಹತ್ತಿರದ ಉದಾಹರಣೆ ಬಾಹಾ ಎಂಬ ಸ್ಪರ್ಧೆ. 1976ರಲ್ಲಿ ಅಮೆರಿಕದಲ್ಲಿ ಹುಟ್ಟಿದ ಇದು 2007ರಲ್ಲಿ ಭಾರತಕ್ಕೆ ಬಂತು. ಎಂಜಿನಿಯರಿಂಗ್ ಕಾಲೇಜಿನ ಹುಡುಗ ಹುಡುಗಿಯರು ಕಬ್ಬಿಣದ ಕೊಳವೆ ಬಗ್ಗಿಸಿ ಒಬ್ಬರೇ ಕೂರುವ ಗಾಡಿ ಕಟ್ಟುತ್ತಾರೆ. ಹಲವು ವರ್ಷ ಎಲ್ಲ ತಂಡಗಳಿಗೂ ಒಂದೇ ಬಗೆಯ ಹತ್ತು ಅಶ್ವಶಕ್ತಿಯ ಎಂಜಿನ್ನಿತ್ತು. ಆದ್ದರಿಂದ ಗೆಲುವು ಸೋಲು ನಿಂತದ್ದು ಜೋಡಣೆಯ ಮೇಲೆ. ಚಾಲಕನ ತಲೆಗೂ ಮೇಲಿನ ಕೊಳವೆಗೂ ನಡುವೆ ಆರು ಇಂಚು ಅಂತರವಿರಬೇಕು. ಎಂಜಿನ್ನಿಗೂ ಚಾಲಕನಿಗೂ ನಡುವೆ ಲೋಹದ ಗೋಡೆ ಇರಬೇಕು. ಬೆಲ್ಟು ಬಿಚ್ಚಿ ಐದು ಸೆಕೆಂಡಿನೊಳಗೆ ಹೊರಬರಬೇಕು. ಇವು ಅಲ್ಲಿನ ಕಟ್ಟಳೆಗಳು. ಆಟದ ಗಾಡಿಗೇ ಇಷ್ಟು ಕಟ್ಟುನಿಟ್ಟು.

ಕಾಗದದ ಮೇಲಿಲ್ಲದ ಆಸನ

ಕಾನೂನಿಗೆ ಈ ವಿಷಯ ತಿಳಿಯದ್ದಲ್ಲ. 1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಮಿನ ಪ್ರಕಾರ ತಯಾರಕರು ಕೊಟ್ಟ ಮೂಲ ವಿವರಗಳಿಗೆ ವ್ಯತ್ಯಾಸ ಬರುವಂತೆ ಮಾಲೀಕ ಗಾಡಿಯನ್ನು ಬದಲಾಯಿಸುವಂತಿಲ್ಲ. ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಇದನ್ನು ಮತ್ತೆ ಸ್ಪಷ್ಟಪಡಿಸಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಅಂಗವಿಕಲರಿಗಾಗಿ ಮಾಡುವ ಮಾರ್ಪಾಡಿಗೆ ಅವಕಾಶ ಉಳಿಯಿತು. ಆದರೆ ಕಾನೂನಿನ ಇನ್ನೊಂದು ಮುಖ ಕೂಲಿಯವರಿಗೆ ಗೊತ್ತಿರುವುದು ಕಡಿಮೆ. ಸರಕು ಗಾಡಿಯಲ್ಲಿ ಸುಮ್ಮನೆ ಹತ್ತಿಸಿಕೊಂಡ ಪ್ರಯಾಣಿಕರ ಸಾವು ನೋವಿಗೆ ವಿಮಾ ಕಂಪನಿ ಹೊಣೆಯಲ್ಲ ಎಂದು ಸುಪ್ರೀಂ ಕೋರ್ಟ್ 2002ರಲ್ಲೇ ತೀರ್ಪಿತ್ತಿದೆ. ಹೊಣೆ ಬರುವುದು ಗಾಡಿಯ ಮಾಲೀಕನ ಮೇಲೆ. ಅವನೂ ಸಾಲ ಮಾಡಿ ಗಾಡಿ ಕೊಂಡವನಾಗಿದ್ದರೆ ವಸೂಲಿ ಎಲ್ಲಿಂದ? ಕಾಗದದ ಮೇಲಿಲ್ಲದ ಆಸನದಲ್ಲಿ ಕೂತವಳಿಗೆ ಕಬ್ಬಿಣದ ಆಸರೆಯೂ ಇಲ್ಲ, ಕಾಗದದ ಆಸರೆಯೂ ಇಲ್ಲ.

ಹಾಗೆಂದು ಚಾಲಕನನ್ನೋ ಬೆಸುಗೆ ಹಾಕಿದವನನ್ನೋ ಬೈದು ಕೈತೊಳೆದುಕೊಳ್ಳುವುದು ನ್ಯಾಯವಲ್ಲ. 2023ರ ಜೂನಿನಿಂದ ರಾಜ್ಯದ ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ಸು ಉಚಿತ. ಆದರೆ ನಸುಕಿನಲ್ಲಿ ಹೊಲದ ದಾರಿಗೆ ಬಸ್ಸು ತಿರುಗುವುದಿಲ್ಲ. ಕೂಲಿ ತಪ್ಪಬಾರದು, ಹತ್ತಿ ಗಿಡದಲ್ಲೇ ಉಳಿಯಬಾರದು. ಈ ಎರಡರ ನಡುವೆ ಹಲಗೆ ಹುಟ್ಟಿದೆ. ಹೊಲದ ಯಜಮಾನರು ಕೂಲಿಯ ಜೊತೆ ಗಾಡಿಯ ಬಾಡಿಗೆಯನ್ನೂ ಮಾತಾಡುವ ವಾಡಿಕೆ ಎಷ್ಟೋ ಕಡೆ ಇದೆ. ಆ ಮಾತಿನಲ್ಲಿ ಎಷ್ಟು ಜನ ಎಂಬುದರ ಜೊತೆಗೆ ಎಷ್ಟು ಆಸನ ಎಂಬುದೂ ಸೇರಬೇಕು. ಪ್ರಯಾಣಿಕರ ಪರವಾನಗಿಯಿರುವ ಗಾಡಿಯ ಬಾಡಿಗೆ ತುಸು ಹೆಚ್ಚಾದರೆ ಆ ಹೆಚ್ಚುವರಿ ಯಾರ ಲೆಕ್ಕಕ್ಕೆ ಎಂಬುದನ್ನೂ ಅಲ್ಲೇ ತೀರ್ಮಾನಿಸಬೇಕು.

ಗ್ಯಾರೇಜಿನ ಗೆಳೆಯರ ಕೈಯಲ್ಲಿಯೂ ಒಂದು ಕೆಲಸವಿದೆ. ಬೆಂಚು ಬೆಸೆದುಕೊಡಿ ಎಂದು ಸರಕು ಗಾಡಿ ತಂದವನಿಗೆ ಆ ಹನ್ನೆರಡು ಕ್ವಿಂಟಲಿನ ಲೆಕ್ಕವನ್ನು ಒಮ್ಮೆ ಹೇಳಬಹುದು. ಬೆಸೆಯುವುದಿಲ್ಲ ಎನ್ನಲೂಬಹುದು. ಕಾರು ಕಟ್ಟುವ ಕನಸಿರುವ ಹುಡುಗರು ಮೊದಲು ಮರದ ತುಂಡಿನ ಮೇಲೆ ಆಸನವಿಟ್ಟು, ಮನೆಯ ಅಜ್ಜಿಯನ್ನು ಕೂರಿಸಿ ನೋಡಲಿ. ಆಕೆ ಹತ್ತಿ ಇಳಿಯಬಲ್ಲ ಜಾಗ ಯಾವುದೆಂದು ಗುರುತು ಹಾಕಿಕೊಳ್ಳಲಿ. ಗಾಡಿಯ ಉಳಿದ ಅಳತೆಗಳು ಆ ಗುರುತಿನಿಂದ ಹೊರಡಲಿ.

ನಾಳೆ ನಸುಕಿಗೆ ಗಾಡಿ ಹತ್ತುವ ತಾಯಂದಿರಿಗೂ ಒಂದು ಮಾತು. ಕೂರುವ ಮೊದಲು ಹಲಗೆಯನ್ನು ಕೈಯಿಂದ ಅಲ್ಲಾಡಿಸಿ ನೋಡಿ. ಅಲ್ಲಾಡಿದರೆ, "ಸರೀರಿ ಯಕ್ಕಾ" ಎಂದವನಿಗೆ "ಇದನ್ನ ಎದಕ್ಕ ಬಿಗಿದೀಯಪಾ?" ಎಂದು ಕೇಳಿ. ಆ ಪ್ರಶ್ನೆಗೆ ಉತ್ತರ ಕೊಡುವುದು ಗಾಡಿ ಕಟ್ಟಿದವನ ಹೊಣೆ.